ಕಾವಲುಗಾರರ ಬೀರು ತೆರೆದುಕೊಟ್ಟದ್ದು

ನಾನು, ಎಲ್ಲರೂ ಕೀಲಿಯಣ್ಣ ಎಂದು ಕರೆಯುವವನು, ವಯಸ್ಸು 54, ಕಸುಬು ಬೀಗ ರಿಪೇರಿ, ವಾಸ ಬಸ್ ನಿಲ್ದಾಣದ ಎದುರು ಅಂಗಡಿಯ ಮೇಲಿನ ಕೋಣೆ, ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಇಂದು ಬೆಳಿಗ್ಗೆ 10.40ಕ್ಕೆ ಹಿಂದಿನ ಬೀದಿಯ ಕಾವಲುಗಾರರು ಅಂಗಡಿಗೆ ಬಂದರು. ಬ್ಯಾಂಕಿನಲ್ಲಿ ಹತ್ತೊಂಬತ್ತು ವರ್ಷ ಕಾವಲಿದ್ದು ಮೂರು ತಿಂಗಳ ಹಿಂದೆ ಕೆಲಸ ಕಳೆದುಕೊಂಡವರು. ಕಬ್ಬಿಣದ ಬೀರುವಿನ ಕೀಲಿ ಸಿಗುತ್ತಿಲ್ಲ, ಒಳಗೆ ಕಾಗದಪತ್ರ ಇದೆ ಎಂದರು. ಮನೆಯವರನ್ನು ಕೇಳಿ ನೋಡಿ, ಗಂಡಸರು ಕಳೆದ ಕೀಲಿ ಹೆಂಗಸರ ಹತ್ತಿರವೇ ಸಿಗುವುದು ಎಂದು ತಮಾಷೆ ಮಾಡಿದೆ. ಅವರು ನಕ್ಕರು. ಗಡ್ಡ ಬೋಳಿಸಿಕೊಂಡು ಗೆಲುವಾಗಿದ್ದರು.

ಅವರ ಮನೆ ಅಂಗಡಿಯಿಂದ 200 ಮೀಟರ್. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗಿದ್ದರು. ಗುರುತಿಲ್ಲದವರಾದರೆ ಪಕ್ಕದ ಮನೆಯವರನ್ನು ಸಾಕ್ಷಿಗೆ ಕರೆಯುತ್ತೇನೆ. ಇವರ ವಿಷಯದಲ್ಲಿ ಅದು ಮರ್ಯಾದೆಯಲ್ಲ ಎಂದು ಬಿಟ್ಟೆ. 10.55ಕ್ಕೆ ಬೀಗ ತೆರೆಯಿತು. ಕೆಳಗಿನ ಖಾನೆಯಲ್ಲಿ ಬಂದೂಕು ಇತ್ತು, ಕಾಗದ ಒಂದೂ ಇರಲಿಲ್ಲ. ನಾನು ಅದನ್ನು ನೋಡಿದ್ದು ಅವರಿಗೂ ಗೊತ್ತಾಯಿತು. ನನಗ್ಯಾಕೆ ಊರ ಉಸಾಬರಿ ಎಂದುಕೊಂಡು ಹೊಸ ಕೀಲಿ ಮಾಡಿ ಕೈಗೆ ಕೊಟ್ಟು ಬಂದೆ.

11.20ಕ್ಕೆ ಸದ್ದು ಕೇಳಿಸಿತು. ಓಡಿದೆ. ಅವರು ಬದುಕಿರಲಿಲ್ಲ.

12.10ಕ್ಕೆ ಹೆಂಡತಿ, ಆರೋಗ್ಯ ಕೇಂದ್ರದ ನರ್ಸಮ್ಮನ ಜೊತೆ ಬಂದರು. ಹೆಂಡತಿಯ ಕೊರಳ ದಾರದಲ್ಲಿ ಬೀರುವಿನ ಕೀಲಿ ಇತ್ತು. ಗಂಡ ಸಾಯುವ ಮಾತಾಡಿದ ದಿನ ನರ್ಸಮ್ಮ ಹೇಳಿಕೊಟ್ಟಂತೆ ಕಟ್ಟಿಕೊಂಡದ್ದನ್ನು ಮೂವತ್ತೊಂದು ದಿನ ಸ್ನಾನಕ್ಕೂ ತೆಗೆದಿರಲಿಲ್ಲವಂತೆ. ನನ್ನನ್ನು ಬೈಯಲಿಲ್ಲ. "ಅಣ್ಣಾ, ನಿಮಗೊಂದು ಮಾತು ಹೇಳಿಡ್ಬೇಕಿತ್ತು, ನಂಗೆ ಹೊಳೀಲೇ ಇಲ್ಲ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈ ವರ್ಷ ಈ ಊರಿನಲ್ಲಿ ಮನೆಯ ಬಂದೂಕಿನಿಂದಲೇ ಹೋದವರು ಇವರು ಸೇರಿ ಹನ್ನೊಂದು ಜನ ಎಂದು ನರ್ಸಮ್ಮ ಹೇಳಿದರು. ಬಂದೂಕು ಕೈಗೆ ಸಿಗದೆ ಆ ಕೆಟ್ಟ ಗಳಿಗೆ ದಾಟಿದರೆ ಎಷ್ಟೋ ಜನ ಉಳಿಯುತ್ತಾರಂತೆ. "ಮನೆ ಮನೆಗೆ ಹೋಗಿ ಕೀಲಿ ಬಚ್ಚಿಡಿ ಅಂದೆ, ಕೀಲಿ ಮಾಡುವವನ ಬಾಗಿಲಿಗೆ ಹೋಗಲಿಲ್ಲವಲ್ಲ" ಎಂದು ನರ್ಸಮ್ಮ ತಲೆ ಚಚ್ಚಿಕೊಂಡರು.

ಇದನ್ನು ಬರೆಸುತ್ತಿರುವಾಗಲೇ ನೆನಪಾದದ್ದು: ಬಂದೂಕಿದ್ದ ಬೀರು ಈ ವರ್ಷ ಇನ್ನೂ ನಾಲ್ಕು ತೆರೆದಿದ್ದೇನೆ. ಕೊನೆಯದು ನಿನ್ನೆ ಸಂಜೆ 6ಕ್ಕೆ, ನೀರಿನ ಟ್ಯಾಂಕ್ ಹಿಂದಿನ ಮನೆಯ ಮೇಷ್ಟರದ್ದು. ಅವರ ಹೆಂಡತಿಯೂ ಮನೆಯಲ್ಲಿರಲಿಲ್ಲ. ಈಗ ಇಲ್ಲಿಂದಲೇ ಎರಡು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ.

ಮೇಲಿನದೆಲ್ಲ ನಾನೇ ಕಂಡದ್ದು, ನಾನೇ ಮಾಡಿದ್ದು, ಸುಳ್ಳಿಲ್ಲ. ಓದಿ ಹೇಳುತ್ತಾ ಕೂರಬೇಡಿ, ಸಹಿ ಹಾಕಿದ್ದೇನೆ. ಟ್ಯಾಂಕಿಗೆ ಎರಡು ಕಿಲೋಮೀಟರ್ ಇದೆ. ಗಾಡಿ ತೆಗೆಯಿರಿ.

ಸ್ಥಳ: ಠಾಣೆ
ದಿನಾಂಕ: 14, ಬುಧವಾರ, ಮಧ್ಯಾಹ್ನ 1.15
ಸಹಿ/- ಕೀಲಿಯಣ್ಣ