ಹುಳ ಯಾವಾಗ ಕೊಟ್ಟಿತು?

ಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಪುಟ್ಟ ಮಕ್ಕಳಿಗೆ ಹುಳುಹುಪ್ಪಟೆಗಳನ್ನು ಪರಿಚಯಿಸುವ ಈ ಆ್ಯಪನ್ನು ಕಟ್ಟಿದ ಗೆಳೆಯರೇ, ಕೆಲಸ ಬಿಟ್ಟು ಬಂದ ಅಪ್ಪ-ಅಮ್ಮಂದಿರೇ, ಸಭಿಕರೇ,

ಪರದೆಯ ಮೇಲಿನ ಹುಳವನ್ನು ಮಗು ಬೆರಳಿನಿಂದ ಮುಟ್ಟಿದರೆ ಅದು ಮಾತಾಡುತ್ತದೆ. ಆ ದನಿ ನನ್ನದು. ಅದಕ್ಕಾಗಿಯೇ ಈ ಸನ್ಮಾನ. ನೊಣ ನಾನೇ, ಸೊಳ್ಳೆ ನಾನೇ, ಸಗಣಿ ಉರುಳಿಸುವ ದುಂಬಿಯೂ ನಾನೇ. ಅಕ್ಕನ ಮಕ್ಕಳು ನನ್ನನ್ನು ಜೀರುಂಡೆ ಚಿಕ್ಕಮ್ಮ ಎನ್ನುತ್ತಾರೆ. ಕಾರ್ಮಿಕರ ಜೊತೆ ನಾನು ಕಾರ್ಖಾನೆಯ ಗೇಟಿನಲ್ಲಿ ಘೋಷಣೆ ಕೂಗುತ್ತಿದ್ದ ಕಾಲದಿಂದಲೂ ಅದೇ ಹೆಸರು. ಈಗ ಅದಕ್ಕೆ ಸಂಬಳ ಸಿಕ್ಕಿದೆ, ಅಷ್ಟೇ.

ಎಲ್ಲ ಹುಳಗಳ ಮಾತನ್ನೂ ಓದಿ ಮುಗಿಸಿದ್ದೇನೆ. ಒಂದೇ ಸಾಲು ಬಾಕಿ. "ನಾನು ರೇಷ್ಮೆ ಹುಳ. ನಿಮಗೆ ಖುಷಿಯಿಂದ ರೇಷ್ಮೆ ಕೊಡುತ್ತೇನೆ." ಅದನ್ನು ನಾನು ಓದಿಲ್ಲ. ನನ್ನ ತಲೆಗೆ ಹುಳ ಬಿಟ್ಟದ್ದು ಆ 'ಕೊಡುತ್ತೇನೆ'.

ನನ್ನ ಅಮ್ಮ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿದ್ದಳು. ಆವಿ ತುಂಬಿದ ಉದ್ದನೆಯ ಕೋಣೆ. ಅಲ್ಲಿ ಗೋಡೆಗಳು ಕಾಣುತ್ತಿರಲಿಲ್ಲ, ಮುಖಗಳು ಕಾಣುತ್ತಿರಲಿಲ್ಲ. ಬಿಳಿ ಮಂಜಿನೊಳಗೆ ಕೆಮ್ಮು, ನಗು, ರಾಟೆಯ ಸದ್ದು ತೇಲುತ್ತಿದ್ದವು. ಗೂಡಿನ ಬುಟ್ಟಿಗಳ ನಡುವೆ ನಾನು ಮಲಗಿರುತ್ತಿದ್ದೆ. ಒಂದು ಗೂಡನ್ನು ಕಿವಿಯ ಹತ್ತಿರ ಅಲುಗಿಸಿದರೆ ಒಳಗಿನ ಹುಳ ಲೊಟಕ್ ಎನ್ನುತ್ತಿತ್ತು. ಒಳಗೆ ಮಲಗಿರುವುದು ನಾನೇ, ಬೆಳಕು ಹಳದಿಯಾಗಿ ಸೋಸಿ ಬರುತ್ತಿದೆ, ಬೆನ್ನಲ್ಲಿ ಮೆತ್ತಗೆ ಏನೋ ಮೊಳೆಯುತ್ತಿದೆ ಅನಿಸುತ್ತಿತ್ತು.

"ಅಮ್ಮಾ, ಇವು ಯಾವಾಗ ಹಾರ್ತವೆ?"

ಆವಿಯೊಳಗಿಂದ ಅಮ್ಮನ ದನಿ: "ಹಾರಿದ್ರೆ ಗೂಡು ತೂತಾಗುತ್ತೆ ಮಗಾ, ಎಳೆ ತುಂಡಾಗುತ್ತೆ. ಅದಕ್ಕೇ ಮೊದಲೇ ಬಿಸಿನೀರಿಗೆ ಹಾಕ್ತೀವಿ."

"ಸಾಯ್ತವಾ?"

"ಹೂಂ. ಸಾಯ್ತವೆ."

ನಾನು ಹೆದರಲಿಲ್ಲ. ಇನ್ನೊಂದು ಗೂಡನ್ನು ಕಿವಿಗಿಟ್ಟುಕೊಂಡು ಇನ್ನಷ್ಟು ಹೊತ್ತು ಕೇಳಿದೆ.

ಸುಡುನೀರಿನಲ್ಲಿ ಎಳೆಯ ತುದಿ ಹುಡುಕಿ ಹುಡುಕಿ ಅಮ್ಮನ ಬೆರಳುಗಳು ಜೋಮು ಹಿಡಿದುಹೋಗಿದ್ದವು. ನನಗೆ ಜ್ವರ ಬಂದರೆ ಹಣೆಗೆ ಕೈಯಿಟ್ಟು ನೋಡುತ್ತಿರಲಿಲ್ಲ, ಕೆನ್ನೆಯಿಟ್ಟು ನೋಡುತ್ತಿದ್ದಳು. ಎಲ್ಲ ಅಮ್ಮಂದಿರೂ ಹಾಗೇ ಎಂದುಕೊಂಡಿದ್ದೆ. ಕ್ಷಮಿಸಿ, ಇದನ್ನು ಹೇಳಬೇಕೆಂದು ಬಂದವಳಲ್ಲ.

ಅವಳು ಕೆಲಸ ಬಿಟ್ಟ ದಿನ ಹೀಗೇ ಒಂದು ಸಭೆ ನಡೆಯಿತು. ಮಾಲೀಕರು ಎದೆ ತುಂಬಿ ಹೇಳಿದರು: "ಈ ತಾಯಿ ತಮ್ಮ ಎರಡೂ ಕೈಗಳನ್ನು ನಮ್ಮ ಸಂಸ್ಥೆಗೆ ಕೊಟ್ಟಿದ್ದಾರೆ." ಮನೆಗೆ ಬರುವಾಗ ಅಮ್ಮ ರಸ್ತೆಯಲ್ಲಿ ನಿಂತು ಕೇಳಿದಳು: "ಅಲ್ಲ ಕಣೇ, ನಾನ್ಯಾವಾಗ ಕೊಟ್ಟೆ?"

ಸಭಿಕರೇ, ಕಿತ್ತುಕೊಂಡವರು ಯಾಕೆ ಯಾವಾಗಲೂ 'ಕೊಟ್ಟರು' ಎನ್ನುತ್ತಾರೆ? ಜೇನು ಕೊಟ್ಟಿತು, ಹಸು ಕೊಟ್ಟಿತು, ಕಾಡು ಕೊಟ್ಟಿತು, ಕೂಲಿಯವಳು ಕೊಟ್ಟಳು. ಕೇಳದೆ ತೆಗೆದುಕೊಂಡದ್ದಕ್ಕೆ ದಾನದ ಹೆಸರು. ಆ ಸುಳ್ಳನ್ನು ಈಗಷ್ಟೇ ಮಾತು ಕಲಿತ ಮಗುವಿನ ಕಿವಿಗೆ ನಾನು ಊದಬೇಕೆ?

ಆ್ಯಪ್ ತಂಡದ ಮುಖ್ಯಸ್ಥೆ ಒಳ್ಳೆಯ ಹುಡುಗಿ. "ಅಕ್ಕಾ, ಒಂದು ಪದ ತಾನೇ? ನಿಜ ಹೇಳಿದ್ರೆ ಮಕ್ಕಳು ಹೆದರ್ತಾರೆ," ಎಂದಳು. ಆಮೇಲೆ ಮೆಲ್ಲಗೆ, "ನೀವು ಓದದಿದ್ರೂ ಪರವಾಗಿಲ್ಲಕ್ಕಾ, ನಿಮ್ಮ ದನೀಲೇ ಕಂಪ್ಯೂಟರ್ ಓದುತ್ತೆ."

ಅಂದರೆ ನನ್ನ ಗಂಟಲನ್ನೂ ನಾನು 'ಕೊಟ್ಟಿದ್ದೇನೆ', ಸಭಿಕರೇ.

ನಾಳೆ ಆ್ಯಪ್ ಮಕ್ಕಳ ಕೈಗೆ ಹೋಗುತ್ತದೆ. ಅದಕ್ಕೇ ಇವತ್ತು, ನಿಮ್ಮೆಲ್ಲರ ಎದುರು, ಈ ಮೈಕಿನಲ್ಲಿ ಆ ಸಾಲನ್ನು ನಾನೇ ಓದುತ್ತೇನೆ.

"ನಾನು ರೇಷ್ಮೆ ಹುಳ. ನನಗಾಗಿ ಗೂಡು ಕಟ್ಟಿಕೊಳ್ಳುತ್ತೇನೆ. ನಾನು ಹಾರುವ ಮೊದಲೇ ನೀವು ಅದನ್ನು ತೆಗೆದುಕೊಳ್ಳುತ್ತೀರಿ."

ಇದು ಬೇಕಿದ್ದರೆ ಇಟ್ಟುಕೊಳ್ಳಿ. ಬೇಡವಾದರೆ ನೊಣ, ಸೊಳ್ಳೆ, ಜೀರುಂಡೆ ಎಲ್ಲದರಿಂದಲೂ ನನ್ನ ದನಿ ತೆಗೆಯಿರಿ. ಸನ್ಮಾನದ ಫಲಕವನ್ನು ಮೇಜಿನ ಮೇಲೆಯೇ ಬಿಟ್ಟಿದ್ದೇನೆ. ನಿಮ್ಮ ತೀರ್ಮಾನ ತಿಳಿದ ಮೇಲೆ ನೋಡೋಣ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಕೃತಜ್ಞಳು. ಮುಂದಿನ ಸಾಲಿನಲ್ಲಿ ಒಂದು ಮಗು ಅಪ್ಪನ ಹೆಗಲಿಗೆ ಒರಗಿ ನಿದ್ದೆ ಹೋಗಿದೆ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಅದು ತಾನಾಗಿಯೇ ಏಳಲಿ.

ನಮಸ್ಕಾರ.