ಲೈನ್ ಹಾಕು ಅಂದವರು ನಂಜಪ್ಪನವರು

ಎಲ್ಲರಿಗೂ ನಮಸ್ಕಾರ. ಏಳೂರು ವಿದ್ಯುತ್ ಸಹಕಾರ ಸಂಘದ ಸದಸ್ಯರಿಗೆ, ನಿರ್ದೇಶಕ ಮಂಡಳಿಯ ನನ್ನ ಜೊತೆಗಾರರಿಗೆ, ಪಾಲಕೋಡಿನಿಂದ, ಮೊರಪ್ಪೂರಿನಿಂದ ಬಸ್ಸು ಹಿಡಿದು ಬಂದಿರುವ ನೆಂಟರಿಷ್ಟರಿಗೆ — ಎಲ್ಲರಿಗಿಂತ ಮೊದಲು, ಇಲ್ಲಿ ಮುಂದೆ ಕೂತಿರುವ, ನಮ್ಮನ್ನು ಅಗಲಿದ ನಂಜಪ್ಪನವರ ಹೆಂಡತಿ ಮುನಿಲಕ್ಷ್ಮಮ್ಮನವರಿಗೆ, ಮಗ ಮುನಿರಾಜನಿಗೆ, ಮಗಳು ಶಾಲಿನಿಗೆ — ಕೈಮುಗಿಯುತ್ತೇನೆ.

ಸಂಘದ ಸಭೆಗಳಲ್ಲಿ ತಮಿಳಿನಲ್ಲಿ ಮಾತಾಡುವುದು ನಮ್ಮ ವಾಡಿಕೆ. ಇವತ್ತು ನಾನು ಕನ್ನಡದಲ್ಲಿ ಮಾತಾಡುತ್ತೇನೆ. ನಂಜಪ್ಪನವರೂ ನಾನೂ ಇಬ್ಬರೇ ಇದ್ದಾಗ ಆಡುತ್ತಿದ್ದದ್ದು ಈ ಮಾತನ್ನೇ. ಅವರದು ಬೇಸಾಯಗಾರರ ಮನೆಯ ಕನ್ನಡ, ನನ್ನದು ಸೇಲಂ ನೇಕಾರರ ಮನೆಯ ಕನ್ನಡ. ಒಬ್ಬರದನ್ನು ಕೇಳಿ ಇನ್ನೊಬ್ಬರು ನಗುತ್ತಿದ್ದೆವು. ತಮಿಳಿನವರು ಬೇಸರಪಟ್ಟುಕೊಳ್ಳಬಾರದು.

ನನ್ನ ಪರಿಚಯ ಇಲ್ಲದವರಿಗೆ — ನಾನು ರಾಜಗೋಪಾಲ್. ಕಂಬೈನಲ್ಲೂರಿನಲ್ಲಿ ನೂಲಿನ ಅಂಗಡಿ ಇಟ್ಟಿದ್ದೇನೆ. ಸಂಘ ಶುರುವಾದಾಗಿನಿಂದ ಮಂಡಳಿಯಲ್ಲಿ ನಂಜಪ್ಪನವರ ಪಕ್ಕದ ಕುರ್ಚಿ ನನ್ನದಾಗಿತ್ತು.

ಈಗ ವೇದಿಕೆ ಹತ್ತುವಾಗ ಒಬ್ಬರು ನನ್ನ ಕೈ ಹಿಡಿದು ಹೇಳಿದರು, ಒಳ್ಳೆಯದನ್ನಷ್ಟೇ ಹೇಳಿ, ಆ ವಿಷಯ ಎತ್ತಬೇಡಿ ಅಂತ. ಯಾವ ವಿಷಯ ಅಂತ ಇಲ್ಲಿರುವ ಬಹಳ ಜನಕ್ಕೆ ಗೊತ್ತು. ಅದನ್ನು ಬಿಟ್ಟು ನಂಜಪ್ಪನವರ ಬಗ್ಗೆ ಮಾತಾಡಿದರೆ ನಾನು ಬೇರೆ ಯಾರೋ ಒಬ್ಬ ನಂಜಪ್ಪನ ಬಗ್ಗೆ ಮಾತಾಡಿದ ಹಾಗೆ ಆಗುತ್ತದೆ. ಆದ್ದರಿಂದ — ಎತ್ತುತ್ತೇನೆ. ಮುನಿಲಕ್ಷ್ಮಮ್ಮನವರನ್ನು ಕೇಳಿಯೇ ಎತ್ತುತ್ತಿದ್ದೇನೆ.

ನಮ್ಮದು ಕರೆಂಟು ಉರಿಸುವವರೇ ಯಜಮಾನರಾಗಿರುವ ಸಂಘ. ಸರ್ಕಾರದ ಕಡೆಯಿಂದ ಸಗಟಿನಲ್ಲಿ ಕರೆಂಟು ಕೊಂಡು, ನಮ್ಮ ಕಂಬ, ನಮ್ಮ ತಂತಿಯಲ್ಲಿ ಏಳು ಊರಿಗೆ ಹಂಚುತ್ತೇವೆ. ಮೀಟರ್ ಇರುವ ಪ್ರತಿ ಮನೆಯೂ ಸದಸ್ಯ, ಪ್ರತಿ ಸದಸ್ಯನಿಗೂ ಒಂದು ಓಟು. ಆ ಓಟಿನಿಂದ ಮಂಡಳಿ. ಮಂಡಳಿಗೆ ಮೊದಲಿನಿಂದಲೂ ನಂಜಪ್ಪನವರೇ ಅಧ್ಯಕ್ಷರಾಗಿದ್ದರು. ಯಾಕೆ ಅಂದರೆ — ಅವರಿಗೆ ಕಾಯುವುದು ಗೊತ್ತಿರಲಿಲ್ಲ.

ಸಂಘ ಶುರುವಾದ ಹೊಸತರಲ್ಲಿ ತಂತಿಯ ಉರುಳೆಗಳು ಗೂಡ್ಸ್ ರೈಲಿನಲ್ಲಿ ಮೊರಪ್ಪೂರಿಗೆ ಬಂದಿದ್ದವು. ಲಾರಿ ಬರಲಿಲ್ಲ. ಸ್ಟೇಷನ್ನಿನವರು ಸೋಮವಾರ ಬನ್ನಿ ಅಂದರು. ನಂಜಪ್ಪನವರು ಊರಿಗೆ ಹೋಗಿ ಎತ್ತಿನ ಗಾಡಿಗಳನ್ನು ಹೊಡೆಸಿಕೊಂಡು ಬಂದರು. ಇಷ್ಟು ಎತ್ತರದ ಉರುಳೆ — ಹೀಗೆ, ನನ್ನ ಎದೆಯ ಮಟ್ಟ. ದಾರಿಯಲ್ಲಿ ಒಂದು ಗಾಡಿಯ ಅಚ್ಚು ಮುರಿಯಿತು. ಉರುಳೆ ತಾನಾಗಿ ಉರುಳಿಕೊಂಡು ಯಾರದೋ ರಾಗಿ ಹೊಲಕ್ಕೆ ನುಗ್ಗಿತು. ಹೊಲದವರು ಬೈಯುವುದಕ್ಕೆ ಬಂದರು. ನಂಜಪ್ಪನವರು ಅವರನ್ನೇ ಸದಸ್ಯರನ್ನಾಗಿ ಮಾಡಿಕೊಂಡು, ಅವರ ಎತ್ತುಗಳನ್ನೇ ಕಟ್ಟಿ ಉರುಳೆ ಎಳೆಸಿದರು. ನಗಬಹುದು ನೀವು. ಆ ಹೊಲದವರೂ ಇಲ್ಲೇ ಕೂತು ನಗುತ್ತಿದ್ದಾರೆ.

ಕಾಯದ ಮನುಷ್ಯ. ಅದರಿಂದ ನಮಗೆ ಬೆಳಕು ಬಂತು. ಅದರಿಂದಲೇ — ಒಬ್ಬ ಮನುಷ್ಯ ಹೋದ.

ತೊಂಬತ್ತನಾಲ್ಕನೇ ಇಸವಿ, ಬಿರುಬೇಸಿಗೆಯ ಚಿತ್ರೆ ತಿಂಗಳು. ಬಿರುಗಾಳಿಗೆ ಹುಣಸೆ ಕೊಂಬೆಗಳು ಬಿದ್ದು ಮೊರಪ್ಪೂರು ರಸ್ತೆಯ ಲೈನ್ ಹರಿದು ಬಿತ್ತು. ಮೋಟಾರು ಓಡದೆ ಕುಡಿಯುವ ನೀರಿನ ಟ್ಯಾಂಕು ಬರಿದಾಯಿತು. ನಮ್ಮ ಲೈನ್‌ಮನ್ ಗೋವಿಂದನ್ ಬೆಳಗ್ಗೆಯಿಂದ ಒಂದೊಂದೇ ಕಂಬ ಹತ್ತಿ ತಂತಿ ಕಟ್ಟುತ್ತಿದ್ದರು. ಹತ್ತುವ ಮುಂಚೆ ಅವರು ಸ್ವಿಚ್ ತೆಗೆಸಿ, ಕರೆಂಟು ನಿಲ್ಲಿಸಿ ಹೋಗಿದ್ದರು. ಕೆಲಸ ಮುಗಿಸಿ ಅವರೇ ಬಂದು ಹಾಕಿ ಅಂದ ಮೇಲೆ ಹಾಕಬೇಕು. ನಿಯಮ ಅಷ್ಟೇ. ಸಣ್ಣ ನಿಯಮ.

ಮಧ್ಯಾಹ್ನ ಮಂಡಳಿಯ ಸಭೆ ನಡೆಯುತ್ತಿತ್ತು. ನಾನು ಅಂದು ಸೇಲಂಗೆ ನೂಲು ತರಲು ಹೋಗಿದ್ದೆ. ಹೆಂಗಸರು ಖಾಲಿ ಕೊಡ ಹಿಡಿದು ಬಂದು ಆಫೀಸಿನ ಬಾಗಿಲಿಗೆ ನಿಂತರಂತೆ. ಕೈಕೂಸಿಗೆ ಕುಡಿಸಲು ನೀರಿಲ್ಲ, ನೀವು ಒಳಗೆ ಕೂತು ಟೀ ಕುಡಿಯುತ್ತಿದ್ದೀರಾ ಅಂತ ಕೇಳಿದರಂತೆ. ಅವರು ಕೇಳಿದ್ದು ತಪ್ಪಲ್ಲ. ನಂಜಪ್ಪನವರು ಎದ್ದು ಹಿಂದಿನ ಸ್ವಿಚ್ ಮನೆಗೆ ಹೋದರು. ಅಲ್ಲಿ ಕೆಲಸದಲ್ಲಿದ್ದವರು ಮುನುಸ್ವಾಮಿ.

“ಗೋವಿಂದನ್ ಇನ್ನಾ ಬಂದಿಲ್ಲ ಮಾವಾ,” ಅಂದರು ಮುನುಸ್ವಾಮಿ.

“ಇಷ್ಟೊತ್ಗೆ ಇಳ್ದಿರ್ತಾನೆ. ನಾನ್ ಏಳ್ತಾ ಇವ್ನಲ್ಲ, ಲೈನ್ ಆಕು.”

ಅಧ್ಯಕ್ಷರ ಮಾತು. ಮುನುಸ್ವಾಮಿ ಹಾಕಿದರು.

ಗೋವಿಂದನ್ ಇಳಿದಿರಲಿಲ್ಲ. ಹುಣಸೆ ಸಾಲಿನ ಕಡೆಯ ಕಂಬದ ಮೇಲೆ ಇದ್ದರು.

ಸಂಜೆ ಮೊರಪ್ಪೂರಿನಲ್ಲಿ ನಾನು ರೈಲು ಇಳಿದಾಗ ಪ್ಲಾಟ್‌ಫಾರಂನಲ್ಲೇ ಸುದ್ದಿ ಸಿಕ್ಕಿತು. ಸೈಕಲ್ ಮೇಲೆ ಬರುವಾಗ ನೋಡಿದೆ. ದೇಹವನ್ನು ಧರ್ಮಪುರಿಗೆ ಒಯ್ದಾಗಿತ್ತು. ಜನ ಚದುರಿದ್ದರು. ಕಂಬದ ಬುಡದಲ್ಲಿ ನಂಜಪ್ಪನವರು ಒಬ್ಬರೇ ಕೂತಿದ್ದರು. ನಾನು ಕರೆದೆ. ಅವರು ನನ್ನ ಕಡೆ ನೋಡಿದರು, ಗುರುತು ಹತ್ತಲಿಲ್ಲ. ಮಗ ಮುನಿರಾಜ್ ಬಂದು ತೋಳು ಹಿಡಿದು ಎಬ್ಬಿಸಿಕೊಂಡು ಹೋದ.

ಆಮೇಲೆ ತುರ್ತು ಸಭೆ. ಅಲ್ಲಿ ನಾನೂ ಇದ್ದೆ. ಮಂಡಳಿಯ ಮುಂದೆ ಇಟ್ಟ ತೀರ್ಮಾನ ಏನೆಂದರೆ — ಲೈನ್‌ಮನ್ ಗೋವಿಂದನ್ ಯಾರಿಗೂ ತಿಳಿಸದೆ ಕಂಬ ಹತ್ತಿದ್ದರಿಂದ ಸಾವು ಸಂಭವಿಸಿದೆ. ಇಷ್ಟೇ, ಒಂದು ವಾಕ್ಯ.

ಮಂಡಳಿಯವರು ಕೆಟ್ಟವರಲ್ಲ. ಇವತ್ತೂ ಹೇಳುತ್ತೇನೆ, ಕೆಟ್ಟವರಲ್ಲ. ಅವರ ಭಯ ನಿಜವಾದ ಭಯ. ಅಧ್ಯಕ್ಷರೇ ನಿಯಮ ಮುರಿದರು ಅಂತ ಗೊತ್ತಾದರೆ ಲೈಸೆನ್ಸು ಹೋಗುತ್ತದೆ, ಸಂಘ ಮುಚ್ಚುತ್ತದೆ, ಒಂದೇ ಬಲ್ಬಿನ ಮನೆಗಳಿಗೆ ಮತ್ತೆ ಯಾರು ತಂತಿ ಎಳೆಯುತ್ತಾರೆ ಅಂತ ಅವರು ವಾದಿಸಿದರು. ಹೋದವನು ಹೋದ, ಇರುವವರನ್ನು ನೋಡಬೇಕು ಅಂದರು.

ನಂಜಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಹೇಳಿದರು, “ಇದು ಸುಳ್ಳು. ಲೈನ್ ಆಕು ಅಂದೋನು ನಾನು.”

“ಮಾವಾ, ನೀವೊಬ್ರು ನಿಜ ಏಳೋಕೆ ಏಳೂರೂ ಕತ್ಲಲ್ಲಿ ಕೂತ್ಕೋಬೇಕಾ?” ಅಂತ ಒಬ್ಬರು ಕೇಳಿದರು.

ನಂಜಪ್ಪನವರೇ ಅದನ್ನು ಓಟಿಗೆ ಹಾಕಿ ಕೈ ಎತ್ತಿಸಿದರು. ನಾನು ಅವರ ಕಡೆಗೆ ಕೈ ಎತ್ತಿದೆ. ಅದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ. ಆ ಮಧ್ಯಾಹ್ನ ನಾನು ಆ ಕೋಣೆಯಲ್ಲಿ ಇರಲಿಲ್ಲ, ನನಗೆ ಸುಲಭವಾಗಿತ್ತು. ತೀರ್ಮಾನ ಪಾಸಾಯಿತು. ತಾವು ಕಟ್ಟಿದ ಮಂಡಳಿಯಲ್ಲಿ ನಂಜಪ್ಪನವರು ಸೋತರು. ಕೂಗಾಡಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು, ಬಾ ರಾಜಗೋಪಾಲು ಅಂದರು.

ಗೋವಿಂದನ್ ಅವರ ಮನೆಗೆ ಹೋದೆವು. ಅವರ ಹೆಂಡತಿ ಪೂಂಗೊಡಿ ಜಗಲಿಯ ಮೇಲೆ ಕೂತಿದ್ದರು. ನಂಜಪ್ಪನವರು ಅಂಗಳದಲ್ಲೇ ನಿಂತರು, ಮೇಲೆ ಹತ್ತಲಿಲ್ಲ. ತಮಿಳಿನಲ್ಲಿ ಹೇಳಿದರು: ನಿನ್ನ ಗಂಡನ ತಪ್ಪು ಏನೂ ಇಲ್ಲಮ್ಮಾ, ಕರೆಂಟು ಹಾಕು ಅಂದವನು ನಾನು.

ಆಯಮ್ಮ ಅಳಲಿಲ್ಲ. ಒಂದು ಮಾತು ಕೇಳಿದರು — ಅವರು ಮೇಲೆಯೇ ಇದ್ದರೆ ಏನು ಗತಿ ಅಂತ ನಿಮಗೆ ಒಂದು ಸಾರಿಯೂ ತೋಚಲಿಲ್ಲವಾ?

ಸ್ನೇಹಿತರೇ, ಇಲ್ಲ ಅನ್ನಬಹುದಿತ್ತು. ಇಲ್ಲಮ್ಮಾ, ಆ ಗಲಾಟೆಯಲ್ಲಿ ತೋಚಲಿಲ್ಲ ಅಂದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಪಕ್ಕದಲ್ಲಿ ನಿಂತ ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ, ಇಲ್ಲ ಅನ್ನಿ ಅಂತ.

ಅವರು ಅಂದರು — ತೋಚಿತಮ್ಮಾ. ತೋಚಿದರೂ ಹಾಕು ಅಂದೆ.

ಪೂಂಗೊಡಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಲ್ಲಿಂದ ನೇರವಾಗಿ ಪೊಲೀಸ್ ಸ್ಟೇಷನ್. ಅದೇ ಮಾತನ್ನು ಅಲ್ಲಿಯೂ ಹೇಳಿದರು. ಕೇಸು ಧರ್ಮಪುರಿ ಕೋರ್ಟಿನಲ್ಲಿ ನಡೆಯಿತು. ವಕೀಲರು ತಪ್ಪಿಸಿಕೊಳ್ಳುವ ದಾರಿ ಹೇಳಿಕೊಟ್ಟರು, ಇವರು ಹಿಡಿಯಲಿಲ್ಲ. ಮುನುಸ್ವಾಮಿಯ ಮೇಲೆ ಹೊರೆ ಬೀಳದ ಹಾಗೆ ಎಲ್ಲವನ್ನೂ ತಮ್ಮ ತಲೆಗೆ ತೆಗೆದುಕೊಂಡು ಸೇಲಂ ಜೈಲಿಗೆ ಹೋದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಆದದ್ದು ಅಷ್ಟೇ ಅಲ್ಲ. ತನಿಖೆ ಮುಗಿಯುವ ತನಕ ನಮ್ಮ ಸರಬರಾಜು ನಿಂತಿತು. ಏಳೂರೂ ನಿಜವಾಗಿಯೂ ಕತ್ತಲಲ್ಲಿ ಕೂತಿತು. ನನ್ನ ಅಂಗಡಿಯ ಮುಂದೆಯೇ ನಿಂತು ನಮ್ಮ ನೇಕಾರರು ಅವರನ್ನು ಬೈದರು. ಲೈಸೆನ್ಸು ಉಳಿಯಿತು, ಆದರೆ ಉಳಿಯುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಶಾಲಿನಿಗೆ ಮಂಡಳಿಯವರೊಬ್ಬರ ಮನೆಯಲ್ಲೇ ಮದುವೆ ಸಂಬಂಧ ನಿಶ್ಚಯವಾಗಿತ್ತು. ಅದು ಮುರಿಯಿತು.

ಆ ದಿನಗಳಲ್ಲಿ ಒಂದು ಸಾರಿ ನಾನು ನಂಜಪ್ಪನವರ ಮನೆಗೆ ಹೋಗಿದ್ದೆ. ನಿಮ್ಮ ಯಜಮಾನರು ದೊಡ್ಡ ಮನುಷ್ಯರು ಅಂತ ಏನೋ ಸಮಾಧಾನದ ಮಾತು ಆಡಿದೆ. ಮುನಿಲಕ್ಷ್ಮಮ್ಮನವರು ನನ್ನ ಮಾತನ್ನು ಅಲ್ಲೇ ತಡೆದರು. “ಅವ್ರು ನಿಜ ಏಳಿ ಅಗುರಾದ್ರು, ಅಣ್ಣಾ. ಆ ಬಾರ ನನ್ ಮಗಳ ತಲೆ ಮ್ಯಾಲೆ ಬಂದು ಕೂತೈತೆ. ಅದುಕ್ಕೇನ್ ಏಳ್ತೀರ?”

ಇವತ್ತಿಗೂ ನಾನು ಅದಕ್ಕೆ ಏನೂ ಹೇಳಿಲ್ಲ, ಅಮ್ಮಾ. ಈ ಮೈಕಿನ ಮುಂದೆ ನಿಂತು ಕೂಡ ನನಗೆ ತೋಚುತ್ತಿಲ್ಲ.

ಒಂದು ಮಾತು ಮಾತ್ರ ಹೇಳಬಲ್ಲೆ — ಅವರು ಹಗುರಾಗಲಿಲ್ಲ. ಜೈಲಿನಲ್ಲಿ ನೋಡಲು ಹೋದಾಗ ಮನೆಯವರನ್ನು ವಿಚಾರಿಸಿದರು, ಆಮೇಲೆ ಸ್ವಿಚ್ ಮನೆಗೆ ಬೀಗ ಹಾಕಿಸಿದಿರಾ ಅಂತ ಕೇಳಿದರು. ಹಾಕಿಸಿದ್ದೆವು. ಈಗ ನಮ್ಮಲ್ಲಿ ಕಂಬ ಹತ್ತುವವನ ಜೇಬಿನಲ್ಲೇ ಬೀಗದ ಕೈ ಇರುತ್ತದೆ. ಅವನು ಇಳಿದು ಬರುವ ತನಕ ಅಧ್ಯಕ್ಷನಲ್ಲ, ಯಾರು ಬಂದು ಹೇಳಿದರೂ ಲೈನ್ ಬರುವುದಿಲ್ಲ. ಅದನ್ನು ಹೇಳಿದೆ. ಕೇಳಿಸಿಕೊಂಡರು, ಸಂತೋಷಪಡಲಿಲ್ಲ. ಬಿಡುಗಡೆಯಾದ ಮೇಲೆ ಮೊರಪ್ಪೂರು ರಸ್ತೆಯಲ್ಲಿ ಅವರು ನಡೆದದ್ದನ್ನು ನಾನು ನೋಡಿಲ್ಲ. ಹೊಲಗಳ ಬದುವಿನ ಮೇಲೆ ಸುತ್ತಿಕೊಂಡು ಹೋಗುತ್ತಿದ್ದರು. ಮತ್ತೆ ಮಂಡಳಿಗೆ ಬನ್ನಿ ಅಂತ ಸದಸ್ಯರು ಕರೆದರು. ಬರಲಿಲ್ಲ.

ಹೋದ ವರ್ಷದ ಚುನಾವಣೆಯಲ್ಲಿ ಮಂಡಳಿಗೆ ಪೂಂಗೊಡಿಯವರು ನಿಂತರು. ಯಾರೂ ನಿಲ್ಲಿಸಿದ್ದಲ್ಲ, ತಾವೇ ನಿಂತರು, ಗೆದ್ದರು. ಮೊದಲ ಸಭೆಯಲ್ಲೇ, ತಮ್ಮ ಗಂಡನ ಮೇಲೆ ಹೊರಿಸಿದ ಆ ತೀರ್ಮಾನವನ್ನು ರದ್ದು ಮಾಡಬೇಕು ಅಂದರು. ಕೋರ್ಟು ನಿಜ ಹೇಳಿದ ಮೇಲೂ ನಮ್ಮ ಸಂಘದಲ್ಲಿ ಅದು ಹಾಗೆಯೇ ಇತ್ತು. ಅವತ್ತು ರದ್ದಾಯಿತು. ಹಿಂದೆ ಅದಕ್ಕೆ ಕೈ ಎತ್ತಿದವರೇ ಇದಕ್ಕೂ ಕೈ ಎತ್ತಿದರು, ತಲೆ ತಗ್ಗಿಸಿಕೊಂಡು.

ನಾನು ಓಡಿ ಬಂದು ನಂಜಪ್ಪನವರಿಗೆ ಹೇಳಿದೆ. ಎದೆನೋವಿನಿಂದ ಮಂಚ ಹಿಡಿದಿದ್ದರು. ಆ ಮಾತು ಯಾರು ಎತ್ತಿದ್ದು ಅಂತ ಕೇಳಿದರು. ಪೂಂಗೊಡಿಯೇ ಅಂದೆ.

“ನನ್ ಎಸ್ರು ಏಳಿದ್ಲಾ?”

“ಇಲ್ಲ.”

“ಸರಿ,” ಅಂದರು. ಮಗ್ಗುಲು ಬದಲಿಸಿ, “ಅದು ಸರಿಯಾಗೈತೆ,” ಅಂದರು.

ಅವರು ಕ್ಷಮೆ ಕೇಳಿಕೊಂಡು ಮತ್ತೆ ಪೂಂಗೊಡಿಯ ಮನೆಗೆ ಹೋಗಲಿಲ್ಲ. ಕೇಳಿದರೆ ಕೊಡಲೇಬೇಕಾದ ಕಷ್ಟ ಆಯಮ್ಮನಿಗೆ ಯಾಕೆ ಅಂತ ಒಂದು ಸಾರಿ ನನ್ನ ಹತ್ತಿರ ಅಂದಿದ್ದರು. ಹೋದ ಶುಕ್ರವಾರ ನಂಜಪ್ಪನವರ ಜೀವ ಹೋಯಿತು.

ಪೂಂಗೊಡಿಯವರು ಈ ಸಭೆಗೆ ಬಂದಿದ್ದಾರೆ. ಅಲ್ಲಿ, ಬೇವಿನ ಮರದ ಹತ್ತಿರ. ಬೆಳಗ್ಗೆ ನಾನು ಅವರನ್ನು ಕೇಳಿದೆ, ನೀವೂ ಎರಡು ಮಾತು ಆಡುತ್ತೀರಾ ಅಂತ. ಅವರು ತಮಿಳಿನಲ್ಲಿ ಹೇಳಿದ್ದನ್ನು ಹಾಗೆಯೇ ಕನ್ನಡದಲ್ಲಿ ಹೇಳುತ್ತೇನೆ. “ಮನ್ನಿಸಿದೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ. ಎಲ್ಲರೂ ಎದ್ದು ನಿಂತಾಗ ನಾನೂ ನಿಲ್ಲುತ್ತೇನೆ.”

ಬಂಧುಗಳೇ, ಗೋವಿಂದನ್ ಹೋದಾಗ ಈ ಸಂಘ ಹೀಗೊಂದು ಸಭೆ ಕರೆಯಲಿಲ್ಲ. ಅವರ ಹೆಸರಿನಲ್ಲಿ ನಾವು ಯಾರೂ ಒಂದು ಗಳಿಗೆ ಸುಮ್ಮನೆ ನಿಂತಿಲ್ಲ. ಆದ್ದರಿಂದ ಈಗ ನಿಮ್ಮನ್ನು ಕೇಳಿಕೊಳ್ಳುವುದು — ಮೊದಲು ಗೋವಿಂದನ್ ಅವರಿಗಾಗಿ. ಆಮೇಲೆ, ಕೂರದೆ ಹಾಗೆಯೇ, ನಂಜಪ್ಪನವರಿಗಾಗಿ.

ಆಯಮ್ಮ ಆಗಲೇ ಎದ್ದು ನಿಂತಿದ್ದಾರೆ.

ನಾವೂ ಏಳೋಣ. ಇನ್ನು ಮಾತು ಬೇಡ.