ಒಂಬತ್ತು ಪಾಟಿಗಳ ಬೋಣಿ

ಹೆಸರು: ನೀಲಗಂಗವ್ವ, ಕೋಂ ಕೈಲಾಸವಾಸಿ ಸತ್ಯಪ್ಪ ಆರಗೆ. ವಯಸ್ಸು ಸುಮಾರು ಮೂವತ್ನಾಲ್ಕು. ಉದ್ಯೋಗ: ಅರಿಶಿನದ ವಖಾರಿನಲ್ಲಿ ಕೊಂಬು ಆರಿಸುವ ಕೂಲಿ. ವಾಸ: ಸಾಂಗ್ಲಿವಾಡಿ, ಸಂಸ್ಥಾನ ಸಾಂಗ್ಲಿ. ಇಂದು ಬುಧವಾರ, ತಾರೀಖು ೧೪ ಜೂನ್ ೧೯೩೯, ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಬರೆಸಿಕೊಡುವುದೇನೆಂದರೆ:

ನನಗೆ ಮರಾಠಿ ಬರುತ್ತದೆ. ಆದರೆ ಈ ಹೇಳಿಕೆಯಲ್ಲಿ ಒಂದು ಮಾತೂ ತಪ್ಪಬಾರದೆಂದು ಕನ್ನಡದಲ್ಲಿ ಬರೆದುಕೊಳ್ಳಲು ಕೇಳಿಕೊಂಡೆ. ಕಾರಕೂನರು ಒಪ್ಪಿದರು.

ನನ್ನ ಮಗಳು ಮಂದಾ, ವಯಸ್ಸು ಎಂಟು, ಸಾಂಗ್ಲಿವಾಡಿಯ ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಾಳೆ. ಹೊಸ ವರ್ಗದ ಫೀಯನ್ನು ನಾನು ಕಳೆದ ಶುಕ್ರವಾರ ತುಂಬಿದೆ. ವಾರದ ಕೂಲಿ ಅದಕ್ಕೇ ಹೋಯಿತು. ಬರೆಯುವ ಪಾಟಿಯನ್ನು, ಅಂದರೆ ಸ್ಲೇಟನ್ನು, ಪಾಲಕರೇ ಕೊಂಡು ಕೊಡಬೇಕು. ಬರುವ ಶುಕ್ರವಾರ ತಪಾಸಣೆಗೆ ಶಾಲಾ ಖಾತೆಯ ಸಾಹೇಬರು ಬರುತ್ತಾರೆ, ಪಾಟಿ ಇಲ್ಲದ ಹುಡುಗಿಯರನ್ನು ವರ್ಗದಲ್ಲಿ ಕೂಡಿಸಲಾಗದು ಎಂದು ಶಾಲೆಯ ಶಿಕ್ಷಕಿ ಜಿನಮತಿಬಾಯಿಯವರು ತಿಳಿಸಿದ್ದರು. ಅಂಥ ಹುಡುಗಿಯರು ಒಂಬತ್ತು ಮಂದಿ.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ, ಸೇತುವೆಯಿಂದ ಸುಮಾರು ಮುನ್ನೂರು ಹೆಜ್ಜೆ ದೂರದಲ್ಲಿರುವ ಗುರುಸಿದ್ಧಪ್ಪನವರ ಅಂಗಡಿಯಲ್ಲಿ ಒಂದು ಪಾಟಿಯನ್ನು ಉದ್ರಿ ಕೇಳಿದೆ. ಅವರು ಸಿಟ್ಟಾಗಲಿಲ್ಲ. ದಿನದ ಮೊದಲ ಮಾರಾಟ, ಅಂದರೆ ಬೋಣಿ, ಇನ್ನೂ ಆಗಿಲ್ಲ, ಅದಕ್ಕೆ ಮೊದಲು ಪುಕ್ಕಟೆಯಾಗಲಿ ಉದ್ರಿಯಾಗಲಿ ಏನೂ ಹೊರಗೆ ಹೋಗುವುದಿಲ್ಲ, ಇದು ತಮ್ಮ ತಂದೆಯ ಕಾಲದ ಕಟ್ಟಳೆ ಎಂದರು. ನಾನು ತಿರುಗಿದೆ. ಅವರ ತಾಯಿ ಅನುಸೂಯಾಬಾಯಿಯವರು ಹಿತ್ತಲ ಬಾಗಿಲಿಗೆ ಬಂದು ನನ್ನನ್ನು ಕರೆದರು. ಇಂಥ ಹುಡುಗಿಯರು ಎಷ್ಟು ಮಂದಿ ಎಂದು ಕೇಳಿದರು. ಒಂಬತ್ತು ಎಂದೆ. ಸೋಮವಾರ ನಸುಕಿಗೆ ಬಾ ಎಂದರು.

ಸೋಮವಾರ ಗಿರಣಿಯ ಭೋಂಗಾ ಆರು ಗಂಟೆಗೆ ಕೂಗುವ ಹೊತ್ತಿಗೆ ನಾನು ಹಿತ್ತಲ ಬಾಗಿಲಲ್ಲಿದ್ದೆ. ಗುರುಸಿದ್ಧಪ್ಪನವರು ಸ್ನಾನಕ್ಕೆ ಹೊಳೆಗೆ ಹೋಗಿದ್ದರು. ಅನುಸೂಯಾಬಾಯಿಯವರು ಒಂಬತ್ತು ಪಾಟಿಗಳನ್ನು ಎಣಿಸಿ ಗೋಣಿತಟ್ಟಿನಲ್ಲಿ ಕಟ್ಟಿದರು. ಅಂಗಡಿಯ ಹಮಾಲ ಧೋಂಡಪ್ಪನನ್ನು ಕರೆದು ಗಂಟನ್ನು ಅವನ ತಲೆಗೆ ಎತ್ತಿಸಿದರು. ಅವನು ಹೊಸ್ತಿಲು ದಾಟುವಷ್ಟರಲ್ಲಿ ಅವನ ತೋಳು ಹಿಡಿದು ನಿಲ್ಲಿಸಿದರು. ಮುಂದಿನದನ್ನು ಅವರ ಮಾತಿನಲ್ಲಿಯೇ ಬರೆಸುತ್ತೇನೆ.

"ನಿಂದರೋ. ಬೋಣಿ ಆಗಿಲ್ಲ. ನೀಲಗಂಗಾ, ನಿನ್ನ ಸೆರಗಿನ್ಯಾಗ ಏನ ಗಂಟು ಹಾಕೀಯವಾ?"

ನಾನು, "ಒಂದ ಢಬ್ಬು ಐತ್ರಿ. ಅದು ಒಂಬತ್ತು ಪಾಟೀಗೆ ಎಲ್ಲಿ ಸಾಲ್ತೈತ್ರೀ ಅವ್ವಾರ?" ಎಂದೆ.

"ಸಾಲ್ತದೋ ಇಲ್ಲೋ ಹೇಳಾಕಿ ಅಂಗಡಿ ಒಡತಿ. ತಾ ಇಲ್ಲಿ."

ವಖಾರಿನ ಕೆಲಸದಿಂದಾಗಿ ನನ್ನ ಸೆರಗಿನಲ್ಲಿ ಕಟ್ಟಿದ್ದೆಲ್ಲ ಹಳದಿಯಾಗುತ್ತದೆ. ಆ ಢಬ್ಬು ನಾಣ್ಯವೂ ಹಳದಿಯಾಗಿತ್ತು. ಅದನ್ನು ಅವರು ಕಣ್ಣಿಗೆ ಒತ್ತಿಕೊಂಡು, ಅಂಗಡಿಯ ಗೋಡೆಯ ಮಾಡದಲ್ಲಿ, ಹಸಿಯಾಗಿದ್ದ ವಿಭೂತಿಗಟ್ಟಿಯ ಕೆಳಗೆ ಇಟ್ಟರು.

"ಬೋಣಿ ಆತು. ಒಂಬತ್ತು ಪಾಟಿ ಮಾರೇನಿ. ಇಬ್ಬರೂ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಬಿಟ್ಟರ ನಾಳೆ ಅರ್ಧ ಸಾಂಗ್ಲಿ ಢಬ್ಬು ಹಿಡಕೊಂಡು ಬಾಗಿಲಿಗೆ ಬರ್ತೈತಿ."

ನಾನೂ ಧೋಂಡಪ್ಪನೂ ಮಾತು ಕೊಟ್ಟೆವು. ಅವರು ಅಂದೇ ಏಳೂವರೆಯ ಗಾಡಿಗೆ ಮಿರಜಿಗೆ ಹೋಗಿ, ಅಲ್ಲಿಂದ ಮಗಳ ಬಾಣಂತನಕ್ಕೆ ಗೋಕಾಕಕ್ಕೆ ತೆರಳಿದರು. ಬರುವ ಸೋಮವಾರ ಮರಳುತ್ತಾರೆ.

ಸೇತುವೆಯ ಬಾಯಿಯವರೆಗೆ ನಾನು ಧೋಂಡಪ್ಪನ ಜೊತೆ ನಡೆದೆ. ಭಾರವಾಯಿತೇ ಎಂದು ಕೇಳಿದೆ. "ವಿದ್ಯಾ ತಲೀ ಒಳಗಂತೂ ಹೋಗಲಿಲ್ಲ ತಂಗಿ, ತಲೀ ಮ್ಯಾಲರ ಹೋಗ್ಲಿ ಬಿಡು" ಎಂದ. ಕೂಲಿ ಎಷ್ಟು ಕೊಡಲಿ ಎಂದಾಗ ಹೆಜ್ಜೆ ಜೋರು ಮಾಡಿ ಸೇತುವೆ ಹತ್ತಿದ. ನಾನು ವಖಾರಿಗೆ ಹೋದೆ. ಜಿನಮತಿಬಾಯಿಯವರು ಬಂದಾಗ ಗಂಟು ಶಾಲೆಯ ಕಟ್ಟೆಯ ಮೇಲಿತ್ತು. ಆ ಸಂಜೆ ಮಂದಾ ಪಾಟಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಊಟ ಮಾಡಿದಳು.

ಅದೇ ಸೋಮವಾರ ಹನ್ನೊಂದು ಗಂಟೆಗೆ ಗುರುಸಿದ್ಧಪ್ಪನವರು ಒಂಬತ್ತು ಪಾಟಿ ಕಡಿಮೆ ಇರುವುದನ್ನು ಕಂಡು ಫಿರ್ಯಾದಿ ಕೊಟ್ಟಿದ್ದರು. ಧೋಂಡಪ್ಪ ಗಂಟು ಹೊತ್ತು ಸೇತುವೆ ದಾಟಿದ್ದನ್ನು ಕಂಡವರಿದ್ದರು. ನಾಲ್ಕು ಗಂಟೆಗೆ ಅವನನ್ನು ಹಿಡಿದು ತಂದರು. ಮಂಗಳವಾರ ಪೊಲೀಸರು ಶಾಲೆಗೆ ಬಂದು ಪಾಟಿಗಳನ್ನು ಮುದ್ದೇಮಾಲೆಂದು ಜಪ್ತು ಮಾಡಿದರು. ಸಂಜೆ ಮಂದಾ ಬರಿಗೈಯಲ್ಲಿ ಬಂದು ಇದನ್ನು ಹೇಳಿದಳು. ತಾನು ಹೊತ್ತದ್ದು ನಿಜ, ಯಾರು ಹೊರಿಸಿದರೆಂದು ಹೇಳಲಾರೆ ಎಂಬುದಷ್ಟೇ ಧೋಂಡಪ್ಪನ ಜವಾಬು ಎಂದೂ ತಿಳಿಯಿತು.

ಇಂದು ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟೆ. ಸೇತುವೆಯ ನಡುವೆ ನಿಂತೆ. ಪಾಟಿ ಕೊಟ್ಟವರಿಗೆ ನಾನು ಮಾತು ಕೊಟ್ಟಿದ್ದೆ. ಅದನ್ನು ಹೊತ್ತವನು ಅದೇ ಮಾತಿಗಾಗಿ ಒಳಗಿದ್ದ. ಎಷ್ಟು ಹೊತ್ತು ನಿಂತೆನೆಂದು ಹೇಳಲಾರೆ. ಠಾಣೆಗೆ ಬಂದಾಗ ಗಡಿಯಾರದಲ್ಲಿ ಎಂಟೂ ಇಪ್ಪತ್ತು.

ಫೌಜದಾರ ಸಾಹೇಬರು ನನ್ನ ಮಾತನ್ನು ಪೂರ್ತಿ ಕೇಳಿ, ಎಂಟೂ ಮುಕ್ಕಾಲಿಗೆ ನನ್ನನ್ನು ಅಂಗಡಿಗೆ ಕರೆದೊಯ್ದರು. ಗುರುಸಿದ್ಧಪ್ಪನವರು ನಂಬಲಿಲ್ಲ. "ನಮ್ಮ ಅವ್ವ ಬೋಣಿಗಿಂತ ಮೊದಲ ಉಪ್ಪಿನ ಹಳ್ಳು ಸೈತ ಹೊರಗ ಬಿಡಾಕಿ ಅಲ್ರಿ ಸಾಹೇಬ್ರ. ನನಗ ಕಟ್ಟಳಿ ಕಲಿಸಿದಾಕೀನ ಆಕಿ" ಎಂದರು. ಬೋಣಿ ಆದ ಮೇಲೆಯೇ ಕೊಟ್ಟಿದ್ದಾರೆ, ವಿಭೂತಿಗಟ್ಟಿಯನ್ನು ಎತ್ತಿ ನೋಡಬೇಕು ಎಂದು ನಾನು ಹೇಳಿದೆ.

ಅವರು ಕೈ ತೊಳೆದುಕೊಂಡು ಬಂದು ಎತ್ತಿದರು. ಢಬ್ಬು ಅಲ್ಲಿಯೇ ಇತ್ತು. ಅದರ ಅರಿಶಿನ ಹಸಿ ವಿಭೂತಿಗೆ ತಗುಲಿ, ಸುಣ್ಣ ಕೂಡಿದಂತೆ, ಗಟ್ಟಿಯ ತಳದಲ್ಲಿ ದುಂಡಗೆ ಕುಂಕುಮದ ಬಣ್ಣ ಬಂದಿತ್ತು. ಅವರು ಅದನ್ನು ನೋಡಿದರು, ನನ್ನ ಹಳದಿ ಬೆರಳುಗಳನ್ನು ನೋಡಿದರು. "ಮಾಲು ಮಾರಾಟ ಆಗ್ಯೈತ್ರಿ. ಕಳುವಲ್ಲ" ಎಂದರು. ಸಾಹೇಬರು ಢಬ್ಬನ್ನು ಪುರಾವೆಗೆ ಕೇಳಿದಾಗ, ಬೋಣಿಯ ರೊಕ್ಕ ಅಂಗಡಿಯ ಹೊರಗೆ ಹೋಗುವುದಿಲ್ಲ, ಬೇಕಾದರೆ ಪಂಚರು ಇಲ್ಲಿಗೇ ಬಂದು ನೋಡಲಿ ಎಂದು ಅದನ್ನು ಮರಳಿ ಗಟ್ಟಿಯ ಕೆಳಗೆ ಇಟ್ಟರು. ಸಾಹೇಬರು ಒತ್ತಾಯಿಸಲಿಲ್ಲ.

ಒಂಬತ್ತೂವರೆಗೆ ಗುರುಸಿದ್ಧಪ್ಪನವರು ಠಾಣೆಗೆ ಬಂದು ಫಿರ್ಯಾದಿ ಹಿಂದೆ ಪಡೆದರು. ಧೋಂಡಪ್ಪ ಹೊರಗೆ ಬಂದ. ಅವರು ಅವನ ಎರಡೂ ಕೈ ಹಿಡಿದು, "ತಪ್ಪಾತು ಧೋಂಡಪ್ಪಾ. ನನ್ನ ಮುಂದರ ಯಾಕ ಹೇಳಲಿಲ್ಲೋ?" ಎಂದರು.

"ಅವ್ವಾರು ಬ್ಯಾಡ ಅಂದಿದ್ರಲ್ರಿ ಧಣ್ಯಾರ. ಇರ್ಲಿ, ಹತ್ತು ವರ್ಷದಾಗ ಹೆಗಲಿಗೆ ಎರಡು ದಿನ ಸೂಟಿ ಸಿಕ್ತು."

ಸಾಹೇಬರು ಜಪ್ತಿನ ಕಪಾಟು ತೆಗೆಸಿ ಒಂಬತ್ತು ಪಾಟಿಗಳನ್ನು ಗುರುಸಿದ್ಧಪ್ಪನವರ ಮುಂದೆ ಇಟ್ಟರು. ಅವು ತಮ್ಮವಲ್ಲ, ಕೊಂಡವರಿಗೆ ಕೊಡಬೇಕು ಎಂದು ಅವರು ನನ್ನ ಕಡೆ ಕೈ ತೋರಿಸಿದರು. ಪಾಟಿಗಳು ನನಗೆ ಸರಿಯಾಗಿ ಮುಟ್ಟಿದವು. ಧೋಂಡಪ್ಪ ಅವುಗಳನ್ನು ಹೊರಲು ಹೊರಗೆ ಕಾಯುತ್ತಿದ್ದಾನೆ. ಈ ಸಲವೂ ಕೂಲಿಯ ಮಾತು ಎತ್ತಗೊಡಲಿಲ್ಲ.

ನನಗೆ ಯಾರ ಮೇಲೂ ತಕರಾರಿಲ್ಲ. ಅನುಸೂಯಾಬಾಯಿಯವರ ಉಪಕಾರ, ಧೋಂಡಪ್ಪನ ಉಪಕಾರ, ಹಾಗೆಯೇ ನನ್ನ ಮಾತನ್ನು ನಂಬಿ ಅಂಗಡಿಯವರೆಗೆ ನಡೆದ ಸಾಹೇಬರ ಉಪಕಾರ ನನ್ನ ಮೇಲಿದೆ. ನನ್ನದು ಒಂದೇ ಬಿನ್ನಹ. ನಾನು ಮಾತು ಮುರಿದ ಸುದ್ದಿ ಅನುಸೂಯಾಬಾಯಿಯವರಿಗೆ ಮಗನಿಂದಾಗಲಿ ಪೊಲೀಸರಿಂದಾಗಲಿ ತಿಳಿಯಬಾರದು. ಸೋಮವಾರ ಗಾಡಿ ಬರುವ ಹೊತ್ತಿಗೆ ನಾನು ಮಂದಾಳನ್ನು ಅವಳ ಪಾಟಿಯ ಸಮೇತ ಕರೆದುಕೊಂಡು ಸ್ಟೇಶನ್ನಿಗೆ ಹೋಗಿ ನಾನೇ ಹೇಳುತ್ತೇನೆ. ಗುರುಸಿದ್ಧಪ್ಪನವರು ಇದಕ್ಕೆ ಒಪ್ಪಿದ್ದಾರೆ.

ಮೇಲೆ ಬರೆಸಿದ್ದು ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಕಾರಕೂನರು ಓದಿ ಹೇಳಿದರು. ನಾನು ಆಡಿದಂತೆಯೇ ಇದೆ.

ಸ್ಥಳ: ಸಾಂಗ್ಲಿ
ತಾರೀಖು: ೧೪ ಜೂನ್ ೧೯೩೯, ಬೆಳಿಗ್ಗೆ ೧೦ ಗಂಟೆ ೪೦ ಮಿನಿಟು

ನೀಲಗಂಗವ್ವ ಕೋಂ ಸತ್ಯಪ್ಪ ಆರಗೆ, ಎಡಗೈ ಹೆಬ್ಬೆರಳಿನ ಗುರುತು

ಕಾರಕೂನನ ಷರಾ: ಗುರುತಿನ ಮಸಿಯ ಸುತ್ತ ಕಾಣುವ ಹಳದಿ ಅರಿಶಿನದ್ದು. ಗುರುತು ಸ್ಪಷ್ಟವಾಗಿದೆ, ಎರಡನೆಯ ಸಲ ತೆಗೆದುಕೊಂಡಿಲ್ಲ.